ಹದಿನಾರು ನಿಮಿಷ

ನಾನು ನಿಮಗೆ ಹೇಳಿರಲಿಲ್ಲ, ಯಶೋದಾ ಅವರೇ. ಹೇಳಿದ್ದೆ ಎಂದು ನಿಮ್ಮೆದುರಿಗೇ ಸುಳ್ಳಾಡಿದೆ. ಅದು ನಿಮಗೆ ಗೊತ್ತು. ನೀವು ಆ ಕೋಣೆಯಿಂದ ಎದ್ದು ಹೋದ ಮೇಲೆ ಇನ್ನೊಂದು ಸುಳ್ಳಾಡಿದೆ — ಅದು ನಿಮಗೆ ಗೊತ್ತಿಲ್ಲ. ನಾಲ್ಕು ವರ್ಷ ಹೊತ್ತು ತಿರುಗಿ ಸುಸ್ತಾಗಿದೆ. ಸುಸ್ತಾಗಿರುವುದಕ್ಕೇ ಬರೆಯುತ್ತಿದ್ದೇನೆ, ಒಳ್ಳೆಯವನಾಗಿದ್ದೇನೆ ಎಂದಲ್ಲ.

ಇದನ್ನು ಓದುವ ಬೇರೆಯವರಿಗೂ ತಿಳಿಯಬೇಕು, ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ನಾನು ಗದಗಿನ ಕಡೆಯವನು. ಮಸ್ಕತ್ತಿನ ಘಾಲಾದಲ್ಲಿ ಒಂದು ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್. ಸಲೂನು, ಜಿಮ್ಮುಗಳ ಯಂತ್ರ ರಿಪೇರಿ ನನ್ನ ಪಾಲಿಗೆ ಬಂದ ಕೆಲಸ. ನೀವು ಕಾರ್ಕಳದವರು, ಹೆಂಗಸರ ಸಲೂನೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದಿರಿ. ಅಲ್ಲೊಂದು ಟ್ಯಾನಿಂಗ್ ಬೆಡ್ ಇತ್ತು — ಮೇಲೂ ಕೆಳಗೂ ನೀಲಿ ಬೆಳಕಿನ ಟ್ಯೂಬುಗಳು, ನಡುವೆ ಮಲಗಿದರೆ ಬಿಳಿ ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿಗೆ ಬರವಿಲ್ಲದ ಈ ಊರಲ್ಲಿ ಇದಕ್ಕೆ ಯಾರು ಬರುತ್ತಾರೆ ಎಂದು ಕೇಳಿದ್ದೆ. ಜೂನಿನಲ್ಲಿ ಬೀಚಿನ ಮರಳಿನ ಮೇಲೆ ಮಲಗುವುದುಂಟೇ, ಇಲ್ಲಿ ಎ.ಸಿ. ಇದೆ, ಗಂಡಸರ ಕಣ್ಣಿಲ್ಲ, ಹಾಡು ಕೇಳುತ್ತಾ ಮಲಗಿ ಸ್ವಲ್ಪ ಹೊತ್ತಿಗೆ ಎದ್ದು ಹೋಗಬಹುದು ಎಂದಿರಿ. ಎದ್ದವರು ಕನ್ನಡಿಯ ಮುಂದೆ ತಿರುಗಿ ತಿರುಗಿ ಭುಜ ನೋಡಿಕೊಳ್ಳುವಾಗಿನ ಖುಷಿಯನ್ನೂ ವರ್ಣಿಸಿದ್ದಿರಿ. "ನಮ್ಮ ಊರಲ್ಲಿ ಬೆಳ್ಳಗಾಗ್ಲಿಕ್ಕೆ ಕ್ರೀಮು, ಇವ್ರಿಗೆ ಕಂದಾಗ್ಲಿಕ್ಕೆ ಮೆಷಿನು. ಯಾರಿಗೂ ಇದ್ದದ್ದು ಸಾಕಾಗುದಿಲ್ಲ ಅಣ್ಣ," ಎಂದು ನಕ್ಕಿದ್ದಿರಿ.

ನೀವು ಆ ಖುಷಿ ನೋಡಿದ್ದಿರಿ, ನಾನು ಟ್ಯೂಬುಗಳನ್ನು ನೋಡಿದ್ದೆ. ತುಂಬುತೋಳಿನ ಅಂಗಿ, ಗ್ಲೌಸ್, ಕಪ್ಪು ಕನ್ನಡಕ ಇಲ್ಲದೆ ಅವನ್ನು ಉರಿಸಿ ನೋಡಿದವನಲ್ಲ ನಾನು. ಚರ್ಮ ಸುಡುವ, ಕಣ್ಣಿಗೆ ಹೊಡೆಯುವ, ಮತ್ತೆ ಮತ್ತೆ ಮಲಗಿದವರಿಗೆ ಮುಂದೆಂದೋ ಕ್ಯಾನ್ಸರನ್ನೂ ತಂದೊಡ್ಡಬಲ್ಲ ಬೆಳಕು ಅದು. ಟ್ಯೂಬು ಹಳೆಯದಾದಂತೆ ಶಕ್ತಿ ಕುಂದುತ್ತದೆ, ಬಣ್ಣ ಹತ್ತುತ್ತಿಲ್ಲ ಎಂದು ಗಿರಾಕಿಗಳು ಗೊಣಗುತ್ತಾರೆ. ಹಾಗೆ ಎಂಟು ನಿಮಿಷವಿದ್ದದ್ದು ಹತ್ತಾಗಿ, ಹನ್ನೆರಡಾಗಿ, ನಿಮ್ಮ ಗೋಡೆಯ ಮೇಲಿನ ಪಟ್ಟಿಯಲ್ಲಿ ಹದಿನಾರಕ್ಕೆ ಬಂದು ನಿಂತಿತ್ತು. ಹೊಸ ಟ್ಯೂಬು ಹಾಕಿದ ದಿನ ಅದನ್ನು ಮತ್ತೆ ಎಂಟಕ್ಕೆ ಇಳಿಸಬೇಕು. ಅಷ್ಟನ್ನು ಬಾಯಿಬಿಟ್ಟು ಹೇಳುವುದು ನನ್ನ ಕೆಲಸವಾಗಿತ್ತು.

ಹೆಂಗಸರ ಸಲೂನಿಗೆ ಗಿರಾಕಿಗಳಿರುವಾಗ ಗಂಡಸು ಕಾಲಿಡುವಂತಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆ ನಾನು ಬರುತ್ತಿದ್ದೆ. ಬೀಗ ತೆಗೆಯಲು ನೀವು ರಜೆ ಬಿಟ್ಟು ಬರುತ್ತಿದ್ದಿರಿ. ಅಂದು ಟ್ಯೂಬುಗಳನ್ನೆಲ್ಲ ಬದಲಿಸಿದೆ. ನೀವಾಗಿಯೇ ಕೇಳಿದಿರಿ — "ಅಣ್ಣ, ಟೈಮ್ ಏನಾದ್ರೂ ಚೇಂಜ್ ಮಾಡ್ಲಿಕ್ಕುಂಟಾ?"

ನೀವು ನಿಯಮದವರು. ಇಳಿಸಬೇಕು ಎಂದಿದ್ದರೆ ಹೊಸ ಪಟ್ಟಿ ಗೋಡೆಗೆ ಬರುವ ತನಕ ಬೆಡ್ಡನ್ನೇ ನಿಲ್ಲಿಸುತ್ತಿದ್ದಿರಿ. ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಪಟ್ಟಿ ಅಚ್ಚು ಹಾಕಿಸಿ, ಅಂಟಿಸಲು ನಾನು ಮುಂದಿನ ಶುಕ್ರವಾರವೂ ಬರಬೇಕಿತ್ತು. ಆ ವಾರವಿಡೀ ಸಲೂನಿನ ಒಡತಿ, ನಿಮ್ಮ ಮೇಡಂ, ಫೋನಿನಲ್ಲಿ ನನ್ನ ತಲೆ ತಿನ್ನುತ್ತಿದ್ದರು. ಅಂದು ಕನ್ನಡದವರ ಮನೆಯೊಂದರಲ್ಲಿ ಊಟಕ್ಕೆ ಕರೆದಿದ್ದರು, ಹೆಂಡತಿ ಆಗಲೇ ಎರಡು ಸಲ ಫೋನ್ ಮಾಡಿದ್ದಳು, ಬೆನ್ನು ನೋಯುತ್ತಿತ್ತು — ಇವೆಲ್ಲ ನಿಜ, ಯಾವುದೂ ಕಾರಣವಲ್ಲ.

"ಏನೂ ಬ್ಯಾಡ ತಂಗಿ, ಇದ್ದಂಗ ಇರ್ಲಿ. ಖಲಾಸ್," ಎಂದೆ.

ಜಾಬ್ ಕಾರ್ಡಿನಲ್ಲಿ, ಸಮಯ ಇಳಿಸಲು ತಿಳಿಸಲಾಗಿದೆ ಎಂಬ ಸಾಲಿನ ಮುಂದೆ ಅಭ್ಯಾಸಬಲದಿಂದ ಟಿಕ್ ಹಾಕಿ ನಿಮ್ಮ ಕೈಗೆ ಕೊಟ್ಟೆ. ನೀವು ಓದದೆ ಸಹಿ ಮಾಡಿದಿರಿ. ಬೇರೆ ಯಾರು ಕೊಟ್ಟಿದ್ದರೂ ಓದುತ್ತಿದ್ದಿರಿ. ಕೊಟ್ಟವನು ಕನ್ನಡದವನು, ಅಣ್ಣ...

ಭಾನುವಾರ ಐರ್ಲೆಂಡಿನ ಆ ಶಾಲಾ ಶಿಕ್ಷಕಿ ಬಂದಳು. ತಂಗಿಯ ಮದುವೆಗೆ ಊರಿಗೆ ಹೊರಟಿದ್ದಳಂತೆ. ಬೆನ್ನು ಕಾಣುವ ಉಡುಪಿಗೆ ಬಣ್ಣ ಬೇಕಿತ್ತು. ಪಟ್ಟಿಯಲ್ಲಿದ್ದಂತೆ ನೀವು ಹದಿನಾರು ನಿಮಿಷ ಇಟ್ಟಿರಿ. ಸಂಜೆಯೊಳಗೆ ಅವಳ ಮೈ ಕೆಂಡದಂತಾಯಿತು, ಮರುದಿನ ಬೊಬ್ಬೆಗಳೆದ್ದವು, ಆಸ್ಪತ್ರೆ ಸೇರಿದಳು. ಮದುವೆಗೆ ಹೋಗುವುದು ತಪ್ಪಿತು. ಗಾಯ ಮಾಯ್ದರೂ ಬದುಕಿಡೀ ಚರ್ಮದ ಮೇಲೆ ಕಣ್ಣಿಟ್ಟಿರಬೇಕು ಎಂದು ವೈದ್ಯರು ಹೇಳಿ ಕಳಿಸಿದರಂತೆ.

ಮೇಡಂ ನಮ್ಮಿಬ್ಬರನ್ನೂ ಹಿಂದಿನ ಆಫೀಸಿಗೆ ಕರೆಸಿದರು. ಜಾಬ್ ಕಾರ್ಡು ಮೇಜಿನ ಮೇಲಿತ್ತು. ಸಮಯ ಇಳಿಸಲು ಇವಳಿಗೆ ಹೇಳಿದ್ದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದು ಮೇಡಂ, ಹೇಳಿದ್ದೆ ಎಂದೆ. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು! ಮಗಳು ಆ ವರ್ಷ ಹತ್ತನೇ ತರಗತಿ. ವೀಸಾ ಹೋದರೆ ಎಂಬ ಹೆದರಿಕೆ ಇತ್ತು. ಹೆದರಿಕೆ ನಿಮಗೂ ಇತ್ತು, ಆದರೂ ನೀವು ಸುಳ್ಳು ಹೇಳಲಿಲ್ಲ.

ಆಗ ನೀವು ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಿರಿ, ತಗ್ಗಿದ ದನಿಯಲ್ಲಿ — "ನೀವು ಹೇಳ್ಲಿಲ್ಲ ಅಲ್ವಾ ಅಣ್ಣ? ಒಮ್ಮೆ ಹೇಳಿ ಅವರಿಗೆ." ನಾನು ಕಾರ್ಡನ್ನು ನೋಡುತ್ತ ಕೂತೆ. ನೀವು ಅಳು ತಡೆಯಲಾಗದೆ ಎದ್ದು ಹೋದಿರಿ. ಅವಳು ಏನಂದಳು ಎಂದು ಮೇಡಂ ಕೇಳಿದರು. ಆ ಕೋಣೆಯಲ್ಲಿ ನಿಮ್ಮ ಮಾತು ಗೊತ್ತಿದ್ದವನು ನಾನೊಬ್ಬನೇ.

"ತಪ್ಪಾಯಿತು ಅಂತಿದ್ದಾಳೆ," ಎಂದೆ.

ನಿಮಗೆ ಗೊತ್ತಿಲ್ಲದ ಸುಳ್ಳು ಇದೇ. ತಪ್ಪು ಒಪ್ಪಿಕೊಂಡಳು ಎಂದು ಬರೆದೇ ನಿಮ್ಮನ್ನು ಊರಿಗೆ ಕಳಿಸಿದರು. ಮತ್ತೆಲ್ಲಿಯೂ ನಿಮಗೆ ಈ ಕೆಲಸ ಯಾಕೆ ಸಿಗಲಿಲ್ಲವೆಂದು ನೀವು ತಲೆ ಕೆಡಿಸಿಕೊಂಡಿರಬಹುದು. ನನ್ನಿಂದಾಗಿ ಸಿಗಲಿಲ್ಲ.

ಹೋದ ತಿಂಗಳು ಅದೇ ಬೆಡ್ಡು ನಮ್ಮ ವರ್ಕ್‌ಶಾಪಿಗೆ ಬಂತು. ಇಬ್ರಿ ಎಂಬ ಊರಿನ ಯಾರೋ ಕೊಂಡಿದ್ದರು, ಹೊಸ ಟ್ಯೂಬು ಹಾಕಬೇಕಿತ್ತು. ನನ್ನ ಕೈಲಾಗಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ನಮ್ಮ ಜನರ ನಡುವೆ ನಿಮ್ಮನ್ನು ಬೇಜವಾಬ್ದಾರಿ ಹುಡುಗಿ ಎಂದು ಆಡಿಕೊಂಡವರಲ್ಲಿ ಅವಳೂ ಒಬ್ಬಳು. ಎಲ್ಲ ಕೇಳಿ ಅಂದಳು — "ನಾ ಆಕಿನ್ನ ಅಷ್ಟೆಲ್ಲಾ ಅನ್ನೂಮುಂದ ನೀವು ಅಲ್ಲೇ ಕುಂತು ಚಾ ಕುಡೀತಿದ್ರಿ."

ಹೌದು, ಕುಡಿಯುತ್ತಿದ್ದೆ. ಒಂದು ಸಲವೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ.

ಮೇಡಮ್ಮಿಗೆ ಕಳೆದ ವಾರ ಬರೆದೆ. ಮುಗಿದ ವಿಷಯ ಎಂದು ಒಂದೇ ಸಾಲಿನ ಉತ್ತರ ಬಂತು. ನಮ್ಮ ಮಾಲೀಕರಿಗೂ ಹೇಳಿದ್ದೇನೆ; ಅವರು ಏನು ಮಾಡುತ್ತಾರೋ ಮಾಡಲಿ. ಆ ಶಿಕ್ಷಕಿಯ ವಿಳಾಸ ಸಿಗಲಿಲ್ಲ, ಇನ್ನೂ ವಿಚಾರಿಸುತ್ತಿದ್ದೇನೆ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಆ ಶುಕ್ರವಾರ ನೀವು ಕೇಳಿದ್ದು, ನಾನು ಬೇಡ ಎಂದದ್ದು, ಆಫೀಸಿನಲ್ಲಿ ನೀವು ನಿಜವಾಗಿ ಆಡಿದ ಮಾತು — ಎಲ್ಲ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇದೆ. ಯಾರಿಗೆ ಬೇಕಾದರೂ ತೋರಿಸಿ, ನನ್ನನ್ನು ಕೇಳಬೇಕಿಲ್ಲ. ಈ ಸಲ ಓದಿ ನೋಡಿ, ಯಶೋದಾ ಅವರೇ. ಕೆಳಗಿರುವ ಸಹಿ ನನ್ನದೊಂದೇ.