ಗೋಡೆಚಿತ್ರದ ಮೇಷ್ಟ್ರು

ಹಾಲೆಂಡ್ ದೇಶದ ಆಮ್ಸ್ಟೆಲ್‌ವೀನಿನ ನಮ್ಮ ಕಟ್ಟಡದಲ್ಲಿ ಲಿಫ್ಟಿಗೆ ಕಾದು ನಿಂತ ಯಾರೂ ತ್ಯಾಗರಾಜ ಮೇಷ್ಟ್ರಿಂದ ತಪ್ಪಿಸಿಕೊಂಡದ್ದಿಲ್ಲ. ಮೈಸೂರಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಇವರು ಇಟಲಿಯ ಹಳೇ ಚರ್ಚುಗಳ ಗೋಡೆಚಿತ್ರಗಳ ದಪ್ಪ ಪುಸ್ತಕವೊಂದನ್ನು ಮಗುವಿನ ಹಾಗೆ ಎತ್ತಿಕೊಂಡೇ ತಿರುಗುತ್ತಾರೆ. ಅಂಚೆಯವನು ಸಿಕ್ಕರೂ ಬಿಡುವುದಿಲ್ಲ. "ಮುಂಚೆ ಸಂತರೆಲ್ಲ ಗಾಳೀಲಿ ತೇಲ್ತಿದ್ರು, ನಂಜಮ್ಮನವರೇ. ಈ ಚಿತ್ರಕಾರ ಪುಣ್ಯಾತ್ಮ ಬರೆದ ಮೇಲೆ ನೆಲದ ಮೇಲೆ ನಿಂತ್ರು. ಬಟ್ಟೆಯ ನೆರಿಗೆ ನೋಡಿ, ಒಳಗೆ ಮಂಡಿ ಇದೆ!" ಎಂದು ನನ್ನನ್ನೂ ನಿಲ್ಲಿಸಿಕೊಳ್ಳುತ್ತಾರೆ. ನನಗೆ ಕಾಲುನೋವು, ಕೈಯಲ್ಲಿ ಹಾಲಿನ ಚೀಲ. ಆದರೂ ಮಂಡಿ ನೋಡುತ್ತೇನೆ. "ಸಾರಿಗಿನ್ನೂ ಒಗ್ಗರಣೆ ಹಾಕಿಲ್ಲ ಮೇಷ್ಟ್ರೇ" ಎಂದರೆ, "ಒಗ್ಗರಣೆ ಕಾಯುತ್ತೆ ಬಿಡಿ, ಈ ಚಿತ್ರದೋರು ಏಳ್ನೂರು ವರ್ಷದಿಂದ ಅಳ್ತಾನೇ ಇದ್ದಾರೆ" ಎಂದು ಪುಟ ತಿರುವುತ್ತಾರೆ. ಸತ್ತ ಮಗನ ತಲೆಯನ್ನು ತಾಯಿ ಹಿಡಿದುಕೊಂಡಿರುವ ಪುಟ ಬಂದಾಗ ಮಾತ್ರ ಪಾಠ ನಿಂತುಹೋಗುತ್ತದೆ. ತೊಂಬತ್ತೇಳರ ಬೇಸಿಗೆಯಲ್ಲಿ ಮೇಷ್ಟ್ರು ಈ ಗೋಡೆಗಳನ್ನು ನೋಡಲು ಇಟಲಿಗೆ ಹೋಗಿದ್ದಾಗಲೇ ಅವರ ಹೆಂಡತಿ ಭಾನುಮತಿ ತೀರಿಕೊಂಡರು. ಇಲ್ಲಿ ಆ ಕೊನೇ ಗಳಿಗೆಯಲ್ಲಿ ಅವರ ಹತ್ತಿರ ಇದ್ದವಳು ನಾನೊಬ್ಬಳೇ. "ತಲೆಯ ಭಾರ ಸರಿಯಾಗಿ ಬಂದಿದೆಯಾ? ಹಿಡ್ಕೊಂಡ್ರೆ ಹೀಗೇ ಇರುತ್ತಾ?" ಎಂದು ಪ್ರತಿ ಸಲವೂ ಮೆಲ್ಲಗೆ ಕೇಳುತ್ತಾರೆ. "ಹೀಗೇ ಮೇಷ್ಟ್ರೇ," ಎನ್ನುತ್ತೇನೆ. "ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೆ."