ಅಪ್ಪನ ದಮ್ಮು, ನನ್ನ ಅಕಾರ್ಡಿಯನ್

ಹದಿನೈದು ವರ್ಷ ನಾನು ಜನರನ್ನು ನಗಿಸಿದ್ದು ಅಪ್ಪನ ಉಸಿರಿನಿಂದ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಎಪ್ಪತ್ತರ ದಶಕದಲ್ಲಿ ತುಮಕೂರಿನ ಶಿರಾ ಗೇಟ್ ಹತ್ತಿರ, ಒಂದು ಸೈಕಲ್ ಶಾಪಿನ ಹಿಂದಿನ ರೂಮಿನಲ್ಲಿ ನಮ್ಮ ತಂಡ ಶುರುವಾಯಿತು. ಐದು ಜನ. ಜನಪದ ಹಾಡುಗಳ ನಡುವೆ ತಮಾಷೆ ತುರುಕಿ ಮದುವೆ, ಸ್ಕೂಲ್ ಡೇ ಎಂದು ಊರೂರು ಸುತ್ತುತ್ತಿದ್ದೆವು. ನನ್ನದು ಅಕಾರ್ಡಿಯನ್. ಎದೆಗೆ ನೇತುಹಾಕಿಕೊಂಡು ತಿದಿ ಎಳೆದು ನುಡಿಸುವ ಆ ವಾದ್ಯವನ್ನು ನಮ್ಮ ಕಡೆಯವರು ಹೆಗಲ ಹಾರ್ಮೋನಿಯಂ ಅನ್ನುತ್ತಿದ್ದರು.

ಅದರ ಎಡಬದಿಯಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಸ್ವರವಿಲ್ಲದೆ ಬರೀ ಗಾಳಿ ಹೋಗಿ ಬರುತ್ತದೆ. ನಮ್ಮ ಹಾಸ್ಯಗಾರ ಹೆಣ್ಣು ನೋಡಲು ಬಂದ ಮುದುಕನಾಗಿ ಬಾಯಿ ತೆರೆದರೆ, ಉಸಿರು ನನ್ನದು. ಒಂದು ಉದ್ದ ಎಳೆತ, ಒಂದು ಸಿಳ್ಳೆ, ಕೊನೆಗೆ ಮೂರು ಕೆಮ್ಮು. ಜನ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಆಸ್ಪತ್ರೆಯಲ್ಲಿ ಎಂದು ಬುರುಡೆ ಬಿಡುತ್ತಿದ್ದೆ. ಗುಬ್ಬಿಯ ನಮ್ಮ ಮನೆಯಲ್ಲಿ, ಅಕ್ಕಿ ಗಿರಣಿಯ ಧೂಳು ಕುಡಿದು ದಮ್ಮು ಹತ್ತಿಸಿಕೊಂಡಿದ್ದ ಅಪ್ಪ ದಿನಾ ಬೆಳಗ್ಗೆ ಹೀಗೇ ಉಸಿರಾಡುತ್ತಿದ್ದರು.

ಮನೆಯವರನ್ನು ಒಂದು ಕಾರ್ಯಕ್ರಮಕ್ಕೂ ಕರೆದವನಲ್ಲ. ಒಮ್ಮೆ ಕುಣಿಗಲ್‌ನ ಮದುವೆಯೊಂದರಲ್ಲಿ ಊಟ ಮುಗಿದ ಮೇಲೆ ನಮ್ಮ ಆಟ. ನೋಡಿದರೆ ಮೂರನೇ ಸಾಲಿನಲ್ಲಿ ಅಪ್ಪ! ಮದುಮಗಳು ಅವರ ಗಿರಣಿಯ ಸ್ನೇಹಿತನ ಮಗಳಂತೆ. ಇವತ್ತು ಆ ಐಟಂ ಬೇಡ ಎಂದು ಹಾಸ್ಯಗಾರನ ಕಿವಿಯಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಚಪ್ಪಾಳೆಯ ಚಟ. ಅಪ್ಪನಿಗೆಲ್ಲಿ ಗೊತ್ತಾಗುತ್ತೆ ಎಂದುಕೊಂಡೆ.

ಮೊದಲ ಎಳೆತಕ್ಕೆ ಅಪ್ಪನೂ ಎಲ್ಲರ ಜೊತೆ ನಕ್ಕರು. ನಕ್ಕಿದ್ದಕ್ಕೇ ಕೆಮ್ಮು ಹತ್ತಿತು. ಮುಂದಿದ್ದವರು ತಿರುಗಿ ನೋಡಿ, ಇವರೂ ತಂಡದವರೇ ಇರಬೇಕು ಎಂದುಕೊಂಡರು. ಇಡೀ ಚಪ್ಪರ ನಕ್ಕಿತು. ಆಗಲಾದರೂ ನಾನು ನಿಲ್ಲಿಸಬೇಕಿತ್ತು. ನನ್ನ ಕೈ ಅವರ ಕೆಮ್ಮಿಗೆ ಸರಿಯಾಗಿ ತಿದಿ ಎಳೆಯಿತು. ಅವರು ಒಂದು ಕೆಮ್ಮಿದರೆ ನಾನೂ ಒಂದು. ಅಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದರು. ಒನ್ಸ್ ಮೋರ್ ಬಂತು. ಥೂ, ಮತ್ತೆ ನುಡಿಸಿದೆ.

ಆಟ ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನು ಕಂಡು ಅಕಾರ್ಡಿಯನ್ ಪೆಟ್ಟಿಗೆ ಹಿಡಿದು ದೂರವೇ ನಿಂತೆ. ಅವರೇ ಹತ್ತಿರ ಬಂದರು.

"ಚೆನ್ನಾಗ್ ಬಾರುಸ್ತೀಯ ಕಣ್ಲಾ," ಅಂದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ನಂದು ಅಷ್ಟ್ ಜೋರಾಗ್ ಕೇಳ್ಸುತ್ತೆ ಅಂತ ಗೊತ್ತಿರ್ನಿಲ್ಲ."

ಮಾತಿನಲ್ಲಿ ಕೊಂಕು ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಷ್ಟಾದರೂ ಎಂಬತ್ತರ ದಶಕ ಮುಗಿಯುವ ತನಕ ಆ ಐಟಂ ಬಿಡಲಿಲ್ಲ ನಾನು. ಅಪ್ಪ ಮಾತ್ರ, ನಾನು ಮನೆಯಲ್ಲಿದ್ದಾಗ ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗಿ, ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದರು.