ಕಪ್ತಾನನನ್ನು ಕೊಂದವರು

ಸೊಂಟ ಮುರಿದುಕೊಂಡು ಚಾಮರಾಜನಗರದ ಆಸ್ಪತ್ರೆಯಲ್ಲಿ ಮಲಗಿರುವ ನನ್ನ ನಾದಿನಿಯನ್ನು ನೋಡಲು ಹೋದ ವಾರ ಹೋಗಿದ್ದೆ. ವಾರ್ಡಿನ ಬಾಗಿಲಲ್ಲಿ ಆಯಾ ಆಗಷ್ಟೇ ಫಿನಾಯಿಲ್ ಹಾಕಿ ನೆಲ ಒರೆಸಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ಗುಂಡ್ಲುಪೇಟೆಯ ನಮ್ಮ ಹಿತ್ತಿಲು ಕಣ್ಣೆದುರು ಬಂದು ನಿಂತಿತು. ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಅದರ ಬುಡಕ್ಕೆ ನಮ್ಮತ್ತೆ ದಿನಾ ಬೆಳಿಗ್ಗೆ ಫಿನಾಯಿಲ್ ಸುರಿಯುತ್ತಿದ್ದರು. ಗೋಡೆಯಾಚೆ ಅಕ್ಕ ಇದ್ದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಪಕ್ಕದ ಮನೆಯ ಮಗಳು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಚಂದಕವಾಡಿಗೆ ಕೊಟ್ಟಿದ್ದರು. ಕೆಮ್ಮಿದಾಗ ರಕ್ತ ಕಂಡದ್ದೇ ತಡ, ಗಂಡನ ಮನೆಯವರು ಗಾಡಿ ಕಟ್ಟಿ ತಂದು ತವರಿನ ಬಾಗಿಲಲ್ಲಿ ಇಳಿಸಿ, ಒಂದು ಲೋಟ ನೀರೂ ಕುಡಿಯದೆ ಹೋದರಂತೆ. ನಾನು ಆ ಬೀದಿಗೆ ಸೊಸೆಯಾಗಿ ಬಂದ ವರ್ಷ ಅದು, ಐವತ್ತರ ದಶಕದ ನಡುವೆ. ಕ್ಷಯದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾದಾಗ ಕರೆಸುತ್ತೇವೆ, ಅಲ್ಲಿಯವರೆಗೆ ಮಲಗಿರಬೇಕು, ಜೋರಾಗಿ ಮಾತಾಡಲೇಬಾರದು, ಹಾಗಿದ್ದರೆ ಬದುಕಿಕೊಳ್ಳುತ್ತಾಳೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಇದು ಬೀದಿಗೆಲ್ಲ ಗೊತ್ತಿತ್ತು.

ಅವಳ ಟ್ರಂಕಿನಲ್ಲಿ ಒಂದು ಪುಸ್ತಕವೂ ಬಂದಿತ್ತು. ರಟ್ಟು ಹೋಗಿ, ಬರೆದವರು ಯಾರೆಂದು ತಿಳಿಯುವಂತಿರಲಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಒಂದು ಹಡಗು, ಎರಡು ಲೋಕದ ರಾಜರ ನಡುವೆ ಯುದ್ಧ. ಒಳಗಿನಿಂದ ಅಗುಳಿ ಹಾಕಿದ ಕೋಣೆಯಲ್ಲಿ ಹಡಗಿನ ಕಪ್ತಾನ ಕೊಲೆಯಾಗಿ ಬಿದ್ದಿರುತ್ತಾನೆ. ಕೊಂದವರು ಯಾರೆಂದು ಪತ್ತೇದಾರನೊಬ್ಬ ಹುಡುಕುವುದೇ ಕತೆ.

ಆಗ ಹುಣಸೆಹಣ್ಣಿನ ಕಾಲ. ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಹೆಂಗಸರು ನಮ್ಮ ಹಿತ್ತಿಲಲ್ಲಿ ಸೇರಿ ಹಣ್ಣು ಕುಟ್ಟಿ ಬೀಜ, ನಾರು ಬಿಡಿಸುವರು. ಅಕ್ಕ ಗೋಡೆಯಾಚೆ ತನ್ನ ಪಾಡಿಗೆ ತಾನು ಮೆಲ್ಲಗೆ ಓದಿಕೊಳ್ಳುತ್ತಿದ್ದದ್ದು ಒಂದು ದಿನ ಇವರ ಕಿವಿಗೆ ಬಿತ್ತು. ವಸಿ ಜೋರಾಗಿ ಓದಮ್ಮಿ ಎಂದರು ನಮ್ಮತ್ತೆ. ಅವಳು ಓದಿದಳು. ಎಂಥ ಓದು ಅದು... ಹಡಗು ಕತ್ತಲಿಗೆ ಹಾರುವಾಗ ನಮ್ಮ ಕೈಯ ಒನಕೆ ಹಾಗೇ ನಿಂತುಬಿಟ್ಟಿತ್ತು.

ಆಮೇಲೆ ಇವರನ್ನು ಹಿಡಿಯುವವರೇ ಇಲ್ಲ. ನಮ್ಮತ್ತೆ ಮೊದಲ ದಿನವೇ ಕಪ್ತಾನನ ಸೊಸೆಯ ಮೇಲೆ ಬೆರಳಿಟ್ಟರು. ಮಾವ ಸತ್ತಿರುವಾಗ ತಲೆ ಬಾಚಿಕೊಂಡಿದ್ದಾಳೆ, ಇನ್ಯಾರು ಅಂತ ಅವರ ವಾದ, ಹೇಳುವಾಗ ನನ್ನ ಕಡೆ ಒಂದು ನೋಟ. ಆಗಿನ್ನೂ ಮದುವೆಯಾಗದ ನನ್ನ ನಾದಿನಿ ಅಡುಗೆಯವನೇ ಕೊಂದದ್ದು ಎಂದು ಪಟ್ಟು ಹಿಡಿದಿದ್ದಳು. ಮೂಲೆ ಮನೆಯ ದೊಡ್ಡಮ್ಮನಿಗೆ ಕೊಲೆಗಿಂತ ದೊಡ್ಡ ಚಿಂತೆ, ಆಕಾಶದಲ್ಲಿ ಹೆಣ ಮಣ್ಣು ಮಾಡುವುದೆಲ್ಲಿ ಅಂತ. ಹೆಣವನ್ನು ಹಡಗಿನಿಂದ ಕತ್ತಲಿಗೆ ತಳ್ಳಿದರು ಎಂದು ಅಕ್ಕ ಓದಿದಾಗ ಆಕೆ ಕೈ ಕೊಡವಿಕೊಂಡು ಎದ್ದು ಹೋದರು, ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಕೂತರು. ಕಪ್ತಾನನಿಗೊಬ್ಬ ಅಣ್ಣನಿದ್ದ. ತಮ್ಮನ ಹೆಣದ ಮೇಲೆ ಬಿದ್ದು ಹೊರಳಾಡಿ ಅತ್ತಿದ್ದ. ಅವನಿಗಾಗಿ ಇವರೆಲ್ಲ ಕಣ್ಣು ಒರೆಸಿಕೊಂಡರು.

ಕೆಮ್ಮು ಬಂದಾಗ ಓದು ನಿಲ್ಲುತ್ತಿತ್ತು. ಇವರು ನಾರು ಬಿಡಿಸುತ್ತ ಕಾಯುವರು. ಕೆಮ್ಮು ನಿಂತ ಕೂಡಲೇ, ಆಮ್ಯಾಕ ಏನಾಯ್ತು ಅನ್ನುವರು. ವಸಿ ನೀರು ಕುಡಿ ಎಂದು ಯಾರಾದರೂ ಹೇಳಿದ್ದು ನನಗೆ ನೆನಪಿಲ್ಲ...

ನನಗೂ ಓದು ಬರುತ್ತಿತ್ತು. ಪುಸ್ತಕ ಈಚೆ ಕೊಡಲಿ, ನಾನೇ ಓದುತ್ತೇನೆ ಎಂದು ಒಂದು ದಿನ ಗೋಡೆಯ ಮೇಲೆ ಕೈ ಚಾಚಿದೆ. ಅತ್ತೆ ರಟ್ಟೆ ಹಿಡಿದು ಎಳೆದು ಕೂರಿಸಿದರು.

"ಅದ ಮುಟ್ಬುಟ್ಟು ನಮ್ ಮನ ಒಳಕ ಕಾಲಿಡ್ಬ್ಯಾಡ ಕಣಮ್ಮಿ."

ಕಾಯಿಲೆ ಕಾಗದಕ್ಕೆ ಅಂಟುತ್ತದೆ, ಮಾತಿಗೆ ಅಂಟುವುದಿಲ್ಲ ಎಂದು ಅವರೆಲ್ಲ ನಂಬಿದ್ದರು. ಹಾಗಾಗಿ ಪುಸ್ತಕ ಆಚೆ ಇರಬೇಕು, ಕತೆ ಮಾತ್ರ ಈಚೆ ಬರಬೇಕು. ಎಷ್ಟು ಅನುಕೂಲದ ನಂಬಿಕೆ ನೋಡಿ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ಗೋಡೆಯ ಹತ್ತಿರ ಹೋಗಿ, ಗಂಟಲು ಕಟ್ಟಿದೆ ಎಂದು ಹೇಳಿ ಸುಮ್ಮನಿರಬಾರದೇ ಅಕ್ಕ ಎಂದು ಕೇಳಿದೆ. ನಕ್ಕಳು.

"ಓದದ ನಿಲ್ಲುಸ್ಬುಟ್ರ ಈ ಗ್ವಾಡ ತಾವ ಯಾರಮ್ಮಿ ಬಂದರು? ನಮ್ಮವ್ವನೇ ತಟ್ಟ ದೂರ್ದಲ್ಲಿ ಮಡ್ಗುಟ್ಟು ಓಯ್ತಳ."

ಪುಸ್ತಕವನ್ನು ಅವಳು ಮೊದಲೇ ಪೂರ್ತಿ ಓದಿದ್ದಳು. ಹಾಗಾದರೆ ಕೊಂದವರ ಹೆಸರು ಹೇಳಿ ಮುಗಿಸಿಬಿಡು ಎಂದೆ. ಹೇಳಿಬಿಟ್ಟರೆ ನಾಳೆ ಯಾರೂ ಬರುವುದಿಲ್ಲ ಎಂದಳು. ಆಮೇಲೆ ಏನನ್ನಿಸಿತೋ, ಬಾಯಿಗೆ ಸೆರಗು ಹಿಡಿದು ನನಗೊಬ್ಬಳಿಗೆ ಹೇಳಿದಳು.

"ಯಲ್ಲರ್ಗಿಂತ ಜೋರಾಗಿ ಅತ್ತನಲ್ಲ, ಅವ್ನೇ ಕಣಮ್ಮಿ. ಇವ್ರಿಗ ಯೋಳ್ಬ್ಯಾಡ."

ನಾನು ಹೇಳಲಿಲ್ಲ.

ಹುಣಸೆಹಣ್ಣು ಮುಗಿಯಿತು. ಬಿಡಿಸಲು ಏನೂ ಇಲ್ಲದಿದ್ದರೂ ಹೆಂಗಸರು ಬಂದು ಬರಿಗೈಯಲ್ಲಿ ಕೂರುತ್ತಿದ್ದರು. ಅಷ್ಟರಲ್ಲಿ ಹಾಸಿಗೆ ಖಾಲಿಯಾಗಿದೆ, ಸೋಮವಾರ ಕರೆತನ್ನಿ ಎಂದು ಮೈಸೂರಿನಿಂದ ತಿಳಿಸಿದರು. ಅಕ್ಕನ ತಂದೆ ಬಸ್ಸಿನವರ ಕೈಕಾಲು ಹಿಡಿದು ಹಿಂದಿನ ಸೀಟು ಗೊತ್ತುಮಾಡಿಕೊಂಡು ಬಂದರು. ನಾನು ಒಳಗೊಳಗೇ ಹಿಗ್ಗಿದೆ. ಹಿತ್ತಿಲಲ್ಲಿ ಕೂತವರ ಮುಖ ಮಾತ್ರ ಸಣ್ಣಗಾಯಿತು, ಕತೆಯ ಕೊನೆ ಇನ್ನೂ ಬಾಕಿ ಇತ್ತಲ್ಲ.

ಭಾನುವಾರ ಎಲ್ಲರೂ ಊಟಕ್ಕೆ ಮೊದಲೇ ಬಂದರು. ಮೂಲೆ ಮನೆಯ ದೊಡ್ಡಮ್ಮ ಮಣೆ ತಂದು ಗೋಡೆಗೆ ಒತ್ತಿ ಹಾಕಿಕೊಂಡರು.

"ಓಗದಾದ್ರ ಓಗವ್ವ, ಯಾರ್ ಬ್ಯಾಡ ಅಂದರು. ಮುಗ್ಸ್‌ಬುಟ್ಟು ಓಗು," ಎಂದರು ನಮ್ಮತ್ತೆ.

ಅವಳು ಓದಿದಳು. ಬಿಸಿಲು ಇಳಿಯುವವರೆಗೂ ಓದಿದಳು. ಧ್ವನಿ ಒಡೆದು ಪಿಸುಮಾತಿಗೆ ಬಂದಾಗ, ಕೇಳಿಸುತ್ತಿಲ್ಲ, ಜೋರಾಗಿ ಓದು ಎಂದರು ಇವರು. ನಾನು ಎದ್ದು ನಿಂತು, ಸಾಕು, ನಾಳೆ ಅವಳು ಹೊರಡಬೇಕು ಎಂದೆ. ಯಾರೂ ತಿರುಗಿ ಕೂಡ ನೋಡಲಿಲ್ಲ. ಪತ್ತೇದಾರನು ಹಡಗಿನವರನ್ನೆಲ್ಲ ಊಟದ ಕೋಣೆಗೆ ಕರೆಸಿ ನಿಲ್ಲಿಸಿದ್ದ, ಇನ್ನೇನು ಬೆರಳು ತೋರಿಸಬೇಕು. ಅಲ್ಲಿ ಕೆಮ್ಮು ಬಂತು. ಆ ಸಲ ಅದು ನಿಲ್ಲಲಿಲ್ಲ. ಅವಳ ಅವ್ವ ಕೂಗಿಕೊಂಡು ಓಡಿಬಂದಾಗ ನಾನು ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ಸೀರೆಯ ಮುಂಭಾಗವೆಲ್ಲ ರಕ್ತವಾಗಿತ್ತು. ಪುಸ್ತಕವನ್ನು ಮಾತ್ರ ರಕ್ತ ತಾಗದಂತೆ ಪಕ್ಕಕ್ಕೆ ಹಿಡಿದಿದ್ದಳು.

ಬೆಳಗಾಗುವ ಮುಂಚೆ ಹೋದಳು. ಹೆಣ ಎತ್ತುವಾಗ ನಮ್ಮತ್ತೆಯೇ ಎಲ್ಲರಿಗಿಂತ ಜೋರಾಗಿ ಅತ್ತರು.

ಸಂಜೆ ಅವಳ ತಂದೆ ಚಾಪೆ, ಕಂಬಳಿ, ಪುಸ್ತಕ ಎಲ್ಲವನ್ನೂ ಹಿತ್ತಿಲಲ್ಲಿ ಹಾಕಿ ಸುಟ್ಟರು. ಈಚೆ ಹೆಂಗಸರು ಮೂಗಿಗೆ ಸೆರಗು ಹಿಡಿದು ನಿಂತು ನೋಡುತ್ತಿದ್ದರು. ಮೊದಲು ಬಾಯಿ ಬಿಟ್ಟವರು ನಮ್ಮತ್ತೆ.

"ಸಾಯದು ಸತ್ಲು, ಕೊಂದೋರ್ಯಾರು ಅಂತ ಯೋಳ್ಬುಟ್ಟಾರೂ ಸಾಯ್ಬಾರ್ದಾಗಿತ್ತಾ."

ಉಳಿದವರು ಹೌದೆಂದು ತಲೆಯಾಡಿಸಿದರು. ಆಮೇಲೆ ಬಹಳ ದಿನ ಆ ಬೀದಿಯಲ್ಲಿ ಅವಳ ಮೇಲೆ ಆ ಒಂದು ದೂರು ಹಾಗೇ ಉಳಿದಿತ್ತು.

ವಾರ್ಡಿನಲ್ಲಿ ನಾದಿನಿ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಬೇಗೂರಿನ ಅವಳ ಮನೆಯ ಸುದ್ದಿ, ಮೊಮ್ಮಕ್ಕಳ ಸುದ್ದಿ ಎಲ್ಲ ಆಯಿತು. ಮಲಗಿ ಮಲಗಿ ಹಳೆಯದೆಲ್ಲ ತಲೆಗೆ ಬರುತ್ತದಂತೆ.

"ಅತ್ಗ, ಆ ಕಪ್ತಾನನ್ನ ಕೊಂದೋರ್ ಯಾರು ಅಂತ ನಿಂಗೇನಾರ ಗೊತ್ತಾಯ್ತಾ? ಅಡ್ಗ ಮಾಡೋನೆ ಅಲ್ವಾ?"

ಕತೆ ಓದುತ್ತಿದ್ದವರು ಯಾರು, ನೆನಪಿದೆಯಾ ಎಂದು ಕೇಳಿದೆ. ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದಳು.

"ಯಾರೋ ಓದೋರು... ನಮ್ಮವ್ವ ಇರ್ಬೇಕು."

ನಮ್ಮತ್ತೆಗೆ ಅಕ್ಷರವೇ ಬರುತ್ತಿರಲಿಲ್ಲ. ಅಕ್ಕನ ಧ್ವನಿ ಕೇಳಿದವರಲ್ಲಿ ಈಗ ಉಳಿದವರು ನಾವಿಬ್ಬರೇ ಅಂದುಕೊಂಡಿದ್ದೆ. ನಾನೊಬ್ಬಳೇ ಎಂದು ಅವತ್ತು ಗೊತ್ತಾಯಿತು.

ನಾದಿನಿ ಇನ್ನೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದೆ.